ಶರಾವತಿ ಮುಳುಗಡೆ: ಯಾರ ಕೊಳಗದಲ್ಲಿ ಅಳೆಯೋಣ?

ಸಿಗಂದೂರು ಚೌಡೇಶ್ವರಿ ದೇವಸ್ಥಾನಕ್ಕೆ ಹೋಗಿಬಂದವರಿಗೆ ಲಾಂಚ್ ನೆನಪಿರುತ್ತದೆ. ಹೊಳೆಬಾಗಿಲಿನಲ್ಲಿ ಕಾರು ಹತ್ತಿಸಿ, ಹಿನ್ನೀರಿನ ಮಧ್ಯೆ ನಾಲ್ಕು ಫೋಟೋ ತೆಗೆದುಕೊಂಡು, ಆಚೆ ದಡದ ಕಳಸವಳ್ಳಿಯಲ್ಲಿ ಇಳಿಯುವುದು. ಪ್ರವಾಸಿಗರಿಗೆ ಅದೊಂದು ಮಜಾ. ಆಚೆ ದಡದ ತುಮರಿ ಕಡೆಯವರಿಗೆ ಮಾತ್ರ ಅದೇ ಆಸ್ಪತ್ರೆಗೆ, ಕಾಲೇಜಿಗೆ, ತಾಲ್ಲೂಕು ಕಚೇರಿಗೆ ದಾರಿಯಾಗಿತ್ತು. ಕೊನೆಯ ಲಾಂಚ್ ತಪ್ಪಿದರೆ ದೂರದ ಸುತ್ತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನವನ್ನೇ ಹತ್ತಿಸುತ್ತಿರಲಿಲ್ಲ. ಅಲ್ಲಿಗೆ ಸೇತುವೆ ಆದದ್ದು 2025ರ ಜುಲೈ 14ರಂದು. ಶರಾವತಿಗೆ ಅಡ್ಡ ನಿಂತು ಈ ಹಿನ್ನೀರು ತಂದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಡುವೆ 61 ವರ್ಷ.

ಈ 61 ವರ್ಷವನ್ನು ಯಾವ ಖಾತೆಗೆ ಬರೆಯಬೇಕು ಅನ್ನುವುದೇ ಇಲ್ಲಿನ ಪ್ರಶ್ನೆ.

ಶರಾವತಿಯ ಮಾತು ಬಂದಾಗ ಸಾಮಾನ್ಯವಾಗಿ ಎರಡು ಮಾತು ಕೇಳುತ್ತೇವೆ. "ನಾಡಿಗೆ ಬೆಳಕು ಕೊಟ್ಟವರೇ ಕತ್ತಲೆಯಲ್ಲಿ ಉಳಿದರು" ಅನ್ನುವುದು ಒಂದು. "ಒಂದಷ್ಟು ಜನ ತ್ಯಾಗ ಮಾಡದೆ ನಾಡು ಮುಂದೆ ಬರುತ್ತಾ?" ಅನ್ನುವುದು ಇನ್ನೊಂದು. ಭಾಷಣಕ್ಕೆ ಎರಡೂ ಸಾಕು. ಆದರೆ ಎರಡರ ಹಿಂದೆಯೂ ನ್ಯಾಯದ ಒಂದೊಂದು ದೊಡ್ಡ ವಾದ ಇದೆ. ತ್ಯಾಗದ ಮಾತಿನ ಹಿಂದೆ ಇಂಗ್ಲಿಷ್ ಚಿಂತಕರಾದ ಬೆಂಥಮ್, ಮಿಲ್ ಅವರ ಉಪಯುಕ್ತತಾವಾದ, ಅಂದರೆ ಒಟ್ಟು ಸುಖದ ಮೊತ್ತ ಹೆಚ್ಚಿದರೆ ಸರಿ ಅನ್ನುವುದು. ಕತ್ತಲೆಯ ಮಾತಿನ ಹಿಂದೆ ಹಾಬ್ಸ್, ಲಾಕ್, ರೂಸೋರಿಂದ ಹಿಡಿದು 20ನೇ ಶತಮಾನದ ಜಾನ್ ರಾಲ್ಸ್ ತನಕದ ಸಾಮಾಜಿಕ ಒಪ್ಪಂದದ ವಾದ, ಅಂದರೆ ಎಲ್ಲರೂ ಒಪ್ಪಬಹುದಾದ ನಿಯಮವೇ ನ್ಯಾಯ ಅನ್ನುವುದು. ಮಾತು ಸಲೀಸಾಗಲಿ ಅಂತ ಇವರನ್ನು ಮೊತ್ತದವರು, ಒಪ್ಪಂದದವರು ಎಂದು ಕರೆಯುತ್ತೇನೆ.

ಆದದ್ದೇನು

ಜೋಗದಲ್ಲಿ ಕರೆಂಟು ತಯಾರಾಗಲು ಶುರುವಾದದ್ದು 1948ರ ಹೊತ್ತಿಗೆ. ಆ ವಿದ್ಯುದಾಗಾರದ ಶಕ್ತಿ 120 ಮೆಗಾವಾಟ್. ಅದಕ್ಕೆ ನೀರು ಹಿಡಿದಿಡಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ಹೊಸದಾಗಿ ಒಂದಾದ ಮೈಸೂರು ರಾಜ್ಯಕ್ಕೆ ಅಷ್ಟು ಸಾಲದಾಯಿತು. ಕೆಳಗೆ ಲಿಂಗನಮಕ್ಕಿಯಲ್ಲಿ ಇನ್ನೂ ದೊಡ್ಡದು ಕಟ್ಟಿದರು. ಪೂರ್ಣ ಮಟ್ಟ 1819 ಅಡಿ. ಹಿಡಿಯುವ ನೀರು ಸುಮಾರು 151 ಟಿಎಂಸಿ. ಕೆಳಗಿನ ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಘಟಕ, ಇವತ್ತಿನ ಲೆಕ್ಕಕ್ಕೆ ಒಟ್ಟು 1035 ಮೆಗಾವಾಟ್. ಬೆಂಗಳೂರಿನ ಕಾರ್ಖಾನೆ, ಬಯಲುಸೀಮೆಯ ಪಂಪ್‌ಸೆಟ್, ಪರೀಕ್ಷೆಗೆ ಓದುವ ಮಕ್ಕಳ ತಲೆಯ ಮೇಲಿನ ಬಲ್ಬು, ಎಲ್ಲಕ್ಕೂ ವರ್ಷಗಟ್ಟಲೆ ಇಲ್ಲಿಂದಲೇ ಹೆಚ್ಚಿನ ಕರೆಂಟು ಹೋಯಿತು. ಅದೂ ಕಲ್ಲಿದ್ದಲು ಸುಡದೆ, ಅಗ್ಗಕ್ಕೆ. ಈ ಭಾಗವನ್ನು ಹಗುರ ಮಾಡಿ ಹೇಳುವುದು ಸರಿಯಲ್ಲ. ಇದನ್ನು ಬರೆಯುತ್ತಿರುವ ನಾನೂ ಆ ಕರೆಂಟಿನ ಋಣದಲ್ಲೇ ಇದ್ದೇನೆ.

ಮುಳುಗಿದ್ದು ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಸುಮಾರು 300 ಚದರ ಕಿಲೋಮೀಟರ್. ನೂರಕ್ಕೂ ಹೆಚ್ಚು ಹಳ್ಳಿಗಳಿಗೆ ನೀರು ಬಂತು. ಕೆಲವು ಪೂರ್ತಿ, ಕೆಲವು ಅರ್ಧಂಬರ್ಧ. ಗದ್ದೆ, ಅಡಿಕೆ ತೋಟ, ಕಾಡು, ಬಸದಿ, ದೇವಸ್ಥಾನ. ಇಪ್ಪತ್ತು ವರ್ಷವೂ ಪೂರ್ತಿ ಬಾಳದ ಮಡೆನೂರು ಅಣೆಕಟ್ಟು ಕೂಡ ಹೊಸದರ ಹೊಟ್ಟೆಯೊಳಗೆ ಹೋಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅದು ಮೇಲೆ ಬರುತ್ತದೆ. ಜನ ನೋಡಲು ಹೋಗುತ್ತಾರೆ.

ಅಲ್ಲಿದ್ದವರು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆ, ಹೆಚ್ಚಾಗಿ ಕಾಡಿನ ಜಮೀನಿಗೆ ಹೋದರು. "ಮುಳುಗಡೆ" ಅನ್ನುವ ಮಾತು ಅವರ ಊರಿನ ಹೆಸರಿನ ಜಾಗಕ್ಕೆ ಬಂತು. ಈಗಲೂ ಮಲೆನಾಡಿನಲ್ಲಿ "ಅವರು ಮುಳುಗಡೆಯವರು" ಅಂದರೆ ಬೇರೆ ವಿವರ ಬೇಕಿಲ್ಲ.

ಕೊಳಗದ ಜಗಳ

ಇಲ್ಲಿ ಹದಿಮೂರು ವರ್ಷ ಹಿಂದೆ ಹೋಗಬೇಕು. 1951ರಲ್ಲಿ ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಒಡೆಯರ ವಿರುದ್ಧ ಸತ್ಯಾಗ್ರಹ ಮಾಡಿದರು. ಹೆಚ್ಚಿನವರು ದೀವರ ಸಮುದಾಯದವರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಜಗಳ ಶುರುವಾದದ್ದರಲ್ಲಿ ಒಂದು ಮುಖ್ಯ ಕಾರಣ ಕೊಳಗ. ಗೇಣಿಯ ಭತ್ತ ಅಳೆಯುವ ಕೊಳಗ ದೊಡ್ಡದು, ಸರಿಯಾದ ಅಳತೆಯದ್ದರಲ್ಲಿ ಅಳೆಯಿರಿ ಅನ್ನುವುದು ರೈತರ ಬೇಡಿಕೆ. ಕೇಳಿದ್ದು ಅಷ್ಟು ಸಣ್ಣದು. ಹೊತ್ತಿದ್ದು ದೊಡ್ಡ ಬೆಂಕಿ.

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಇದು ನಿಜವಾದ ಯಾವ ಕುಟುಂಬವೂ ಅಲ್ಲ, ವಾದಕ್ಕಾಗಿ ಕಟ್ಟಿದ ಮನೆ. ಎರಡು ಎಕರೆ ಗದ್ದೆಯನ್ನು ಮೂರು ತಲೆಮಾರಿನಿಂದ ಗೇಣಿಗೆ ಮಾಡುತ್ತಿದ್ದಾರೆ. ಗೇಣಿಯ ಮಾತು ಬಾಯಲ್ಲೇ ಆದದ್ದು, ಕಾಗದ ಇಲ್ಲ. ಸ್ವಂತದ್ದು ಅಂದರೆ ಹುಲ್ಲಿನ ಮಾಡಿನ ಮನೆ, ಒಂದು ಜೊತೆ ಎತ್ತು, ಹಿತ್ತಲಿನ ನಾಲ್ಕು ಅಡಿಕೆ ಮರ. ದನ ಮೇಯುವುದು, ಸೊಪ್ಪು ತರುವುದು, ಸೌದೆ ಆರಿಸುವುದು ಪಕ್ಕದ ಕಾಡಿನಲ್ಲಿ. ಮುಳುಗಡೆಯ ಸರ್ವೆ ಬರುತ್ತದೆ. ಗದ್ದೆಯ ಪರಿಹಾರ ಕಾಗದದಲ್ಲಿ ಹೆಸರಿರುವ ಒಡೆಯನಿಗೆ. ಕಾಡಿಗೆ ಪರಿಹಾರವೇ ಇಲ್ಲ, ಅದು ಸರ್ಕಾರದ್ದು. ಇವರಿಗೆ ಮನೆಯ ಮತ್ತು ಮರದ ಬೆಲೆ. ಆಮೇಲೆ ಎಲ್ಲೋ ಕಾಡಿನ ಮಧ್ಯೆ ಒಂದು ಜಾಗ ತೋರಿಸಿ ಇಲ್ಲಿ ಇರಿ ಅನ್ನುತ್ತಾರೆ.

ಇನ್ನೂ ಒಂದು ಪೆಟ್ಟಿದೆ. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಬಂತು. ಗೇಣಿ ಭೂಮಿ ಸರ್ಕಾರಕ್ಕೆ ಸೇರಿ, ಅರ್ಜಿ ಹಾಕಿದ ಗೇಣಿದಾರನಿಗೆ ಒಡೆತನ ಸಿಗುವ ಹಾಗಾಯಿತು. ಕಾಗೋಡಿನ ಕನಸು ಕಾನೂನಾಯಿತು. ನಮ್ಮ ಮನೆಯವರ ಗದ್ದೆ ಆಗ ಹತ್ತು ವರ್ಷದಿಂದ ನೀರಿನಡಿ. ಅರ್ಜಿಯಲ್ಲಿ ಯಾವ ಸರ್ವೆ ನಂಬರ್ ಬರೆಯುತ್ತಾರೆ?

ಮೊತ್ತದವರು ಹೇಗೆ ನೋಡುತ್ತಾರೆ

ಜೆರೆಮಿ ಬೆಂಥಮ್ ತನ್ನ ಮುಖ್ಯ ಪುಸ್ತಕ ಪ್ರಕಟಿಸಿದ್ದು 1789ರಲ್ಲಿ. ಒಂದು ಕೆಲಸದಿಂದ ಎಲ್ಲರಿಗೂ ಆಗುವ ಸುಖ ಕೂಡಿಸಿ, ದುಃಖ ಕಳೆಯಿರಿ, ಉಳಿದದ್ದು ಜಾಸ್ತಿ ಇದ್ದರೆ ಆ ಕೆಲಸ ಸರಿ. ಕೇಳಲು ಒರಟು ಅನ್ನಿಸಬಹುದು. ಆದರೆ ಇದರಲ್ಲಿ ಒಂದು ದೊಡ್ಡ ಸಮಾನತೆ ಇದೆ. ರಾಜನ ನೋವಿಗೂ ಕೂಲಿಯವನ ನೋವಿಗೂ ಒಂದೇ ತೂಕ. ಒಡೆಯನ ಕೊಳಗ ಬೇರೆ, ಗೇಣಿದಾರನ ಕೊಳಗ ಬೇರೆ ಅನ್ನುವುದನ್ನು ಬೆಂಥಮ್ ಒಂದು ನಿಮಿಷವೂ ಒಪ್ಪುತ್ತಿರಲಿಲ್ಲ.

1961ರ ಜನಗಣತಿಯಲ್ಲಿ ಮೈಸೂರು ರಾಜ್ಯದ ಜನಸಂಖ್ಯೆ ಸುಮಾರು 2.36 ಕೋಟಿ. ಸುಮ್ನೆ ಲೆಕ್ಕಕ್ಕೆ ಮನೆ ಕಳೆದುಕೊಂಡವರು 50 ಸಾವಿರ ಅಂದುಕೊಳ್ಳಿ. ಅಂದರೆ ಸುಮಾರು 470 ಜನರಲ್ಲಿ ಒಬ್ಬರು. ಒಬ್ಬರ ನಷ್ಟ ಎಷ್ಟೇ ದೊಡ್ಡದಿರಲಿ, ಎದುರಿಗೆ 469 ಜನರ ಬೆಳಕು, ಕೆಲಸ, ನೀರಾವರಿ ಇದೆ. ಮೇಲೆ ಮುಂದಿನ ಅರವತ್ತು ವರ್ಷದ ತಲೆಮಾರುಗಳೂ ಇವೆ. ತಕ್ಕಡಿ ಎತ್ತ ವಾಲುತ್ತದೆ ಅಂತ ಹೇಳಬೇಕಿಲ್ಲ.

ಆದರೆ ಸರ್ಕಾರಗಳು ನಿಜವಾಗಿ ಬಳಸುವುದು ಬೆಂಥಮನ ತಕ್ಕಡಿಯನ್ನಲ್ಲ. 1939ರಲ್ಲಿ ಕಾಲ್ಡರ್ ಮತ್ತು ಹಿಕ್ಸ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಅಳತೆ ಕೊಟ್ಟರು. ಲಾಭ ಆದವರು ನಷ್ಟ ಆದವರಿಗೆ ಪೂರ್ತಿ ಪರಿಹಾರ ಕೊಟ್ಟೂ ಕೈಯಲ್ಲಿ ಮಿಗುವಷ್ಟು ಲಾಭ ಇದ್ದರೆ ಯೋಜನೆ ಒಳ್ಳೆಯದು. ಗಮನಿಸಿ, ಕೊಡಲು ಆಗುವಷ್ಟಿದ್ದರೆ ಸಾಕು. ಕೊಟ್ಟರಾ ಅನ್ನುವುದು ಬೇರೆ ಇಲಾಖೆಯ ವಿಷಯ! ಶರಾವತಿ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸು. ಆ ಕರೆಂಟಿನ ಲಾಭದಲ್ಲಿ ಒಂದು ಚಿಟಿಕೆ ತೆಗೆದಿದ್ದರೆ ಪ್ರತಿ ಮನೆಗೂ ಗದ್ದೆ, ರಸ್ತೆ, ಶಾಲೆ ಕೊಡಬಹುದಿತ್ತು. ಕೊಡಬಹುದಿತ್ತು ಅನ್ನುವುದೇ ಅಂಕ ತಂದುಕೊಟ್ಟಿತು.

ಬೆಂಥಮ್ ಪರವಾಗಿ ಒಂದು ಮಾತು ಹೇಳಲೇಬೇಕು. ನಿಜವಾದ ಮೊತ್ತದವನು ಇಷ್ಟಕ್ಕೆ ತೃಪ್ತನಾಗುವುದಿಲ್ಲ. ಕೊಡುವ ಖರ್ಚು ಸಣ್ಣದು, ಕೊಟ್ಟರೆ ಕಡಿಮೆಯಾಗುವ ನೋವು ದೊಡ್ಡದು, ಹಾಗಿದ್ದಮೇಲೆ ಯಾಕೆ ಕೊಡಲಿಲ್ಲ ಅಂತ ಅವನೇ ಮೊದಲು ಕೇಳುತ್ತಾನೆ. ಬಡವನಿಗೆ ಒಂದು ಎಕರೆ ಅಂದರೆ ಬದುಕು. ಸಿರಿವಂತನಿಗೆ ಅದೇ ಎಕರೆ ಪಹಣಿಯಲ್ಲಿ ಇನ್ನೊಂದು ಸಾಲು. ಮಿಲ್ ಇನ್ನೂ ಮುಂದೆ ಹೋಗಿ, ಭದ್ರತೆ ಇಲ್ಲದಿದ್ದರೆ ಬೇರೆ ಯಾವ ಸುಖವೂ ನಿಲ್ಲುವುದಿಲ್ಲ, ನ್ಯಾಯ ಅಂತ ನಾವು ಕರೆಯುವುದು ಇದನ್ನೇ ಅನ್ನುತ್ತಾನೆ. ಕೊಟ್ಟ ಕಾಡಿನ ಜಮೀನಿಗೆ ಹಕ್ಕುಪತ್ರವಿಲ್ಲದೆ ಅರವತ್ತು ವರ್ಷ ಕೂತ ಮುಳುಗಡೆಯವರ ಭಯವನ್ನು ಮಿಲ್‌ನ ಲೆಕ್ಕ ಬಿಡುವುದಿಲ್ಲ. ಹಾಗಾಗಿ ಆದದ್ದಕ್ಕೆಲ್ಲ ಉಪಯುಕ್ತತಾವಾದವೇ ಕಾರಣ ಅಂತ ಬೈಯುವುದು ಸುಲಭದ ದಾರಿ. ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿದ್ದು ಕೂಡಿಸಲು ಕೂತವರು.

ಆದರೂ ನನಗೆ ಈ ಉತ್ತರ ಸಾಲದು. ಮೊತ್ತದವನು ನಮ್ಮ ಕಲ್ಪನೆಯ ಮನೆಯವರಿಗೆ ಜಮೀನು ಕೊಡಿ ಅನ್ನುವುದು ಕೊಟ್ಟರೆ ಮೊತ್ತ ಹೆಚ್ಚುತ್ತದೆ ಅಂತ. ನಾಳೆ ಅದೇ ದುಡ್ಡಿನಲ್ಲಿ ಇನ್ನೆಲ್ಲೋ ಹೆಚ್ಚು ಸುಖ ಸಿಗುತ್ತದೆ ಅಂತಾದರೆ ಅವನು ಅತ್ತ ತಿರುಗಬೇಕಾಗುತ್ತದೆ. ಇವರ ಬಾಕಿ ಇವರದ್ದೇ ಆಗಿ ಉಳಿಯುವುದಿಲ್ಲ. ಎಲ್ಲರ ಸುಖದುಃಖವನ್ನು ಒಂದೇ ಪಾತ್ರೆಗೆ ಸುರಿದಮೇಲೆ ಯಾವ ಹನಿ ಯಾರದ್ದು ಅಂತ ಹೇಗೆ ಹೇಳುವುದು? ರಾಲ್ಸ್ 1971ರಲ್ಲಿ ಎತ್ತಿದ ಆಕ್ಷೇಪ ಇದೇ. ಜನ ಬೇರೆ ಬೇರೆ ಅನ್ನುವುದನ್ನು ಉಪಯುಕ್ತತಾವಾದ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಅಂದ. ನಾನು ಇವತ್ತು ಕಷ್ಟಪಟ್ಟು ನಾಳೆ ಸುಖಪಟ್ಟರೆ ಅದು ನನ್ನ ಉಳಿತಾಯ. ನಾನು ಕಷ್ಟಪಟ್ಟು ನೀವು ಸುಖಪಟ್ಟರೆ?

ಒಪ್ಪಂದದವರ ಸರದಿ

ರಾಲ್ಸ್ ಒಂದು ಪರದೆ ಇಳಿಬಿಡುತ್ತಾನೆ. ಸಮಾಜದ ನಿಯಮ ಬರೆಯಲು ಕೂತವರಿಗೆ ತಾವು ಯಾರು ಅನ್ನುವುದೇ ಗೊತ್ತಿಲ್ಲ. ಬೆಂಗಳೂರಿನ ಕಾರ್ಖಾನೆ ಮಾಲೀಕನೋ, ಹೊಸನಗರದ ಗೇಣಿದಾರನೋ ತಿಳಿಯದು. ಆಗ ಯಾವ ನಿಯಮ ಒಪ್ಪುತ್ತೀರಿ?

ತಮಾಷೆ ಅಂದರೆ ಇದೇ ಪರದೆಯನ್ನು ರಾಲ್ಸ್‌ಗಿಂತ ಮೊದಲೇ, 1950ರ ದಶಕದಲ್ಲಿ, ಅರ್ಥಶಾಸ್ತ್ರಜ್ಞ ಜಾನ್ ಹರ್ಸಾನಿ ಮೊತ್ತದವರ ಪರ ಬಳಸಿದ್ದ. ನೀವು ಯಾರು ಬೇಕಾದರೂ ಆಗಬಹುದು, ಎಲ್ಲಕ್ಕೂ ಸಮಾನ ಸಾಧ್ಯತೆ ಅಂದುಕೊಂಡರೆ, 470ರಲ್ಲಿ ಒಂದು ಪಾಲಿನ ಅಪಾಯಕ್ಕೆ ಹೆದರಿ ಇಡೀ ರಾಜ್ಯದ ಬೆಳಕು ಬಿಡುವವನು ದಡ್ಡ ಅಲ್ವಾ? ದಿನಾ ರಸ್ತೆ ದಾಟುವಾಗಲೂ ನಾವು ಅಪಾಯ ಎದುರಿಸುತ್ತೇವೆ. ಇದು ಗಟ್ಟಿ ವಾದ, ತಳ್ಳಿಹಾಕುವಂಥದ್ದಲ್ಲ.

ರಾಲ್ಸ್ ಕೊಡುವ ಉತ್ತರದ ಸಾರ ಇಷ್ಟು: ಇದು ಒಂದೇ ಸಲ ಆಡುವ ಆಟ, ಸೋತರೆ ಇಡೀ ಬದುಕು ಸೋತ ಹಾಗೆ. ಸೋತಮೇಲೆ "ನಾನೇ ಒಪ್ಪಿದ್ದೆ" ಅಂತ ನಿಜಮನಸ್ಸಿನಿಂದ ಹೇಳಿಕೊಳ್ಳಲು ಆಗದಂಥ ಒಪ್ಪಂದಕ್ಕೆ ಸಹಿ ಹಾಕಬಾರದು. ಆದ್ದರಿಂದ ಎಲ್ಲರಿಗಿಂತ ಕೆಳಗೆ ಉಳಿಯುವವನ ಜಾಗದಲ್ಲಿ ನಿಂತು ನೋಡಿ, ಅವನ ಸ್ಥಿತಿಯನ್ನು ಆದಷ್ಟು ಮೇಲೆ ತರುವ ವ್ಯವಸ್ಥೆಯಲ್ಲಿ ಮಾತ್ರ ಹೆಚ್ಚುಕಡಿಮೆಯನ್ನು ಒಪ್ಪಿ. ಇದರಲ್ಲಿ ಅಣೆಕಟ್ಟು ಬೇಡ ಅನ್ನುವ ಮಾತು ಎಲ್ಲಿಯೂ ಇಲ್ಲ. ಕಟ್ಟಿ, ಆದರೆ ಮುಳುಗುವವನು ಕಟ್ಟಿದ್ದರಿಂದ ಮೇಲೆ ಬರಬೇಕು. ಮೊದಲ ಘಟಕ ತಿರುಗುವ ಮೊದಲು ಅವನ ಹೊಸ ಗದ್ದೆಗೆ ನೀರು ಬಂದಿರಬೇಕು.

ರಾಲ್ಸ್ ಈ ನಿಯಮವನ್ನು ಹೇಳಿದ್ದು ಸಮಾಜದ ಮೂಲ ವ್ಯವಸ್ಥೆಗೆ, ಒಂದೊಂದು ಅಣೆಕಟ್ಟಿಗೆ ಅಲ್ಲ ಅನ್ನುವುದು ನಿಜ. ಅದಕ್ಕೇ ಈ ಪ್ರಕರಣಕ್ಕೆ ಒಪ್ಪಂದದವರಲ್ಲೇ ಒಬ್ಬನಾದ ಥಾಮಸ್ ಸ್ಕ್ಯಾನ್ಲನ್ ಹೆಚ್ಚು ಹೊಂದುತ್ತಾನೆ ಅನ್ನಿಸುತ್ತದೆ. ಅವನು 1998ರಲ್ಲಿ ಕೊಟ್ಟ ಉದಾಹರಣೆಯಲ್ಲೂ ಕರೆಂಟೇ ಇದೆ. ಟಿವಿ ಕೇಂದ್ರದ ಕೋಣೆಯಲ್ಲಿ ಒಬ್ಬನ ಕೈಮೇಲೆ ಯಂತ್ರ ಬಿದ್ದು ಶಾಕ್ ಹೊಡೆಯುತ್ತಿದೆ. ಬಿಡಿಸಬೇಕಾದರೆ ಹದಿನೈದು ನಿಮಿಷ ಪ್ರಸಾರ ನಿಲ್ಲಿಸಬೇಕು. ಆ ಹೊತ್ತಿಗೆ ವಿಶ್ವಕಪ್ ಪಂದ್ಯ ನಡೆಯುತ್ತಿದೆ, ಲೆಕ್ಕವಿಲ್ಲದಷ್ಟು ಜನ ನೋಡುತ್ತಿದ್ದಾರೆ. ಪಂದ್ಯ ಮುಗಿಯುವ ತನಕ ಕಾಯಬಹುದಾ? ಕೂಡಿಸುತ್ತಾ ಹೋದರೆ ಯಾವುದೋ ಒಂದು ಸಂಖ್ಯೆಯಲ್ಲಿ ಕಾಯಬಹುದು ಅನ್ನುವ ಉತ್ತರ ಬರುತ್ತದೆ. ಸ್ಕ್ಯಾನ್ಲನ್ ಕೂಡಿಸುವುದೇ ಇಲ್ಲ. ಒಬ್ಬೊಬ್ಬರ ದೂರನ್ನು ಎದುರುಬದುರು ಇಡುತ್ತಾನೆ. ಒಂದು ಕಡೆ "ಶಾಕ್ ಹೊಡೆಯುತ್ತಿದೆ", ಇನ್ನೊಂದು ಕಡೆ "ಹದಿನೈದು ನಿಮಿಷ ಆಟ ತಪ್ಪಿತು". ಎರಡನೆಯ ದೂರು ಎಷ್ಟು ಕೋಟಿ ಸಲ ಬಂದರೂ ಒಂದೊಂದೂ ಅಷ್ಟೇ ಸಣ್ಣದು.

ಶರಾವತಿಯಲ್ಲಿ ಎದುರುಬದುರು ಇಟ್ಟರೆ? "ನನ್ನ ಮನೆಗೆ ಕರೆಂಟು ಬರಲು ಇನ್ನೂ ಐದು ವರ್ಷ ಕಾಯಬೇಕಾಗುತ್ತಿತ್ತು" ಅನ್ನುವುದು ತುಮಕೂರಿನವನ ದೂರು. ಸಣ್ಣದಲ್ಲ, ನಿಜ. "ನನ್ನ ಮನೆ, ಗದ್ದೆ, ಕಾಡು ಮೂರೂ ಹೋದವು, ಕೊಟ್ಟ ಜಾಗಕ್ಕೆ ಕಾಗದ ಇಲ್ಲ" ಅನ್ನುವುದು ನಮ್ಮ ಕಲ್ಪನೆಯ ಮನೆಯವರದ್ದು. ಯಾರ ದೂರು ದೊಡ್ಡದು ಅನ್ನುವುದಕ್ಕೆ ಸಿದ್ಧಾಂತ ಬೇಕಿಲ್ಲ. ಹಕ್ಕುಪತ್ರ ಕೊಡದೇ ಇದ್ದದ್ದನ್ನು ಸಮರ್ಥಿಸುವ ದೂರಂತೂ ಯಾರಲ್ಲೂ ಇಲ್ಲ. ಅದನ್ನು ಕೊಟ್ಟಿದ್ದರೆ ಒಂದೇ ಒಂದು ಬಲ್ಬೂ ಆರುತ್ತಿರಲಿಲ್ಲ.

ಹಡಗಿನಲ್ಲಿ ನಿದ್ದೆ ಹೋದವನು

ಒಪ್ಪಂದದ ವಾದಕ್ಕೆ ಹಳೆಯ ಕಾಯಿಲೆಯೊಂದಿದೆ. ನಿಜವಾಗಿ ಯಾರೂ ಯಾವ ಒಪ್ಪಂದಕ್ಕೂ ಸಹಿ ಹಾಕಿಲ್ಲ. ಈ ದೇಶದಲ್ಲಿ ಇದ್ದೀರಿ, ಅಂದಮೇಲೆ ಒಪ್ಪಿದ ಹಾಗೆ ಅನ್ನುತ್ತಿದ್ದ ಲಾಕ್. ತತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲಿ ಇದಕ್ಕೆ ಕೊಟ್ಟ ಏಟು ಪ್ರಸಿದ್ಧ. ನಿದ್ದೆಯಲ್ಲಿದ್ದವನನ್ನು ಹೊತ್ತು ತಂದು ಹಡಗಿಗೆ ಹಾಕುತ್ತಾರೆ. ಎಚ್ಚರವಾದಾಗ ಸುತ್ತ ಸಮುದ್ರ. ಇಳಿದರೆ ಸಾವು. ಹಡಗಿನಲ್ಲೇ ಉಳಿದನಲ್ಲ, ಹಾಗಾದರೆ ಕ್ಯಾಪ್ಟನ್ ಮಾತಿಗೆ ಒಪ್ಪಿದ ಹಾಗೆ ಅಂದರೆ ಏನರ್ಥ? ಹೊಳೆಬಾಗಿಲಿನ ಲಾಂಚಿನಲ್ಲಿ ಅರವತ್ತು ವರ್ಷ ಓಡಾಡಿದವರನ್ನು ನೆನೆದಾಗ ನನಗೆ ಈ ಹಡಗು ಕಣ್ಮುಂದೆ ಬರುತ್ತದೆ. ಸುತ್ತಲೂ ನೀರು ತಂದವರು ಸರ್ಕಾರದವರು, ಆಮೇಲೆ "ಅಲ್ಲೇ ಇದ್ದೀರಲ್ಲ" ಅಂದವರೂ ಅವರೇ.

ಇನ್ನೊಂದು ಕಾಯಿಲೆ ಇದಕ್ಕಿಂತ ಆಳದ್ದು. ಒಪ್ಪಂದಕ್ಕೆ ಯಾರನ್ನು ಕರೆಯುತ್ತೀರಿ? ಭೂಮಿಗೆ ಬೆವರು ಸೇರಿಸಿದವನಿಗೆ ಭೂಮಿ ಅಂದ ಲಾಕ್, ಅದೇ ಅಧ್ಯಾಯದಲ್ಲಿ ನನ್ನ ಆಳು ಕಡಿದ ಹುಲ್ಲುಹೆಂಟೆ ನನ್ನದು ಅಂತಲೂ ಬರೆದ. ಬೆವರು ಆಳಿನದ್ದು, ಸ್ವತ್ತು ಒಡೆಯನದ್ದು. ಕಾಗೋಡಿನ ಒಡೆಯರು ಲಾಕ್‌ನನ್ನು ಓದಿರಲಿಕ್ಕಿಲ್ಲ, ಓದುವ ಅಗತ್ಯವೂ ಇರಲಿಲ್ಲ. ಶರಾವತಿಯ ಪರಿಹಾರದಲ್ಲಿ ಕಾಗದ ಇದ್ದವನು ಒಪ್ಪಂದದ ಒಳಗೆ, ಗೇಣಿದಾರ ಹೊರಗೆ. ಇಲ್ಲಿ ಬೆಂಥಮನೇ ಮೇಲು. ಅವನು ಕಾಗದ ಕೇಳುವುದಿಲ್ಲ, ನೋವಾಯಿತಾ ಅಂತ ಮಾತ್ರ ಕೇಳುತ್ತಾನೆ.

2013ರ ಭೂಸ್ವಾಧೀನ ಕಾಯ್ದೆ ಈ ತಪ್ಪನ್ನು ಅರ್ಧ ತಿದ್ದಿತು. ಮೂರು ವರ್ಷದಿಂದ ಆ ಜಾಗವನ್ನೇ ನಂಬಿ ಬದುಕಿದ ಗೇಣಿದಾರ, ಕೂಲಿಕಾರನ ಕುಟುಂಬವೂ ಈಗ ಬಾಧಿತ ಕುಟುಂಬ. ಖಾಸಗಿ ಕಂಪನಿಗೆ ಜಮೀನು ತೆಗೆದುಕೊಳ್ಳಬೇಕಾದರೆ ನೂರಕ್ಕೆ 80 ಜನರ ಒಪ್ಪಿಗೆ ಬೇಕು, ಸರ್ಕಾರ ಮತ್ತು ಖಾಸಗಿ ಸೇರಿ ಮಾಡುವುದಾದರೆ 70. ಪೂರ್ತಿ ಸರ್ಕಾರದ್ದೇ ಯೋಜನೆಯಾದರೆ ಒಪ್ಪಿಗೆ ಬೇಕಿಲ್ಲ. ಅಂದರೆ ನಮ್ಮ ಕಲ್ಪನೆಯ ಮನೆಯವರನ್ನು ಇವತ್ತಾದರೆ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಕೇಳುತ್ತಿರಲಿಲ್ಲ.

ಕಾಡಿನ ಜಮೀನು ಎಂಬ ಗಂಟು

ಮುಳುಗಡೆಯವರನ್ನು ಕೂರಿಸಿದ್ದು ಹೆಚ್ಚಾಗಿ ಕಾಡಿನಲ್ಲಿ ಅಂದೆನಲ್ಲ. ಕಾಗದದಲ್ಲಿ ಆ ಜಮೀನು ಅರಣ್ಯವಾಗಿಯೇ ಉಳಿಯಿತು. 1974ರಲ್ಲಿ ಶೆಟ್ಟಿಹಳ್ಳಿ ಸುತ್ತಲಿನ ಕಾಡು ಅಭಯಾರಣ್ಯವಾಯಿತು, ಒಳಗೆ ಶರಾವತಿಯಿಂದ ಬಂದವರ ಹಳ್ಳಿಗಳಿದ್ದವು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದಮೇಲೆ ಕೇಂದ್ರದ ಅನುಮತಿ ಇಲ್ಲದೆ ಅರಣ್ಯ ಜಮೀನನ್ನು ಬೇರೆ ಕೆಲಸಕ್ಕೆ ಕೊಡುವ ಹಾಗಿಲ್ಲ. ಆ ಅನುಮತಿ ಇಲ್ಲದೆ ಇವರ ಜಮೀನನ್ನು ಅರಣ್ಯದ ಪಟ್ಟಿಯಿಂದ ತೆಗೆಯಲು ರಾಜ್ಯ ಮಾಡಿದ ಡಿನೋಟಿಫಿಕೇಶನ್ 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಸರ್ಕಾರವೇ ಕರೆತಂದು ಕೂರಿಸಿದವರು ಸರ್ಕಾರದ ಕಣ್ಣಿಗೇ ಒತ್ತುವರಿದಾರರು.

ಮೊತ್ತದವರಿಗೂ ಒಪ್ಪಂದದವರಿಗೂ ನಿಜವಾದ ವ್ಯತ್ಯಾಸ ಕಾಣುವುದು ಇಲ್ಲಿ ಅನ್ನುವುದು ನನ್ನ ಅಭಿಪ್ರಾಯ. ಅಣೆಕಟ್ಟು ಕಟ್ಟುವ ದಿನ ಇಬ್ಬರೂ ಹೆಚ್ಚುಕಡಿಮೆ ಹೂಂ ಅಂದಿರುತ್ತಿದ್ದರು. ಆಮೇಲೆ ದಾರಿ ಬೇರೆಯಾಗುತ್ತದೆ. ಮೊತ್ತದವನ ಕಣ್ಣು ಯಾವಾಗಲೂ ಮುಂದಕ್ಕೆ. 1964 ಆಗಿಹೋಯಿತು, ಇವತ್ತಿನಿಂದ ಈ ಕಾಡಿನಲ್ಲಿ ಯಾರಿದ್ದರೆ ಒಟ್ಟು ಒಳಿತು ಜಾಸ್ತಿ ಅಂತ ಅವನು ಹೊಸದಾಗಿ ಕೂಡಿಸಲು ಕೂರುತ್ತಾನೆ. ಕಾಡು ಉಳಿದರೆ ಒಳ್ಳೆಯದು ಅಂತ ಉತ್ತರ ಬಂದರೆ ಮುಳುಗಡೆಯವರು ಇನ್ನೊಮ್ಮೆ ಗಂಟುಮೂಟೆ ಕಟ್ಟಬೇಕು. ಒಪ್ಪಂದದವನು ಹಿಂದಕ್ಕೂ ನೋಡುತ್ತಾನೆ. ಒಂದು ಕಡೆಯವರು ತಮ್ಮ ಪಾಲು ಆಗಲೇ ಕೊಟ್ಟಾಗಿದೆ. ಇನ್ನೊಂದು ಕಡೆಯವರು ಕೊಟ್ಟಿಲ್ಲ. ಕೊಟ್ಟವರ ಮೊಮ್ಮಕ್ಕಳು ಕೇಳಿದರೂ ಅದು ಬಾಕಿಯೇ. ಇದರಲ್ಲಿ ಒಪ್ಪಂದದವನ ಕಡೆಗೇ ನನ್ನ ಮತ.

ಈಗ ಅದೇ ಕಣಿವೆಯಲ್ಲಿ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿದೆ. ಕರೆಂಟು ಜಾಸ್ತಿ ಇರುವಾಗ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತುವುದು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ತೆಗೆಯುವುದು. ಸೌರ ಮತ್ತು ಗಾಳಿ ವಿದ್ಯುತ್ತನ್ನು ಹಿಡಿದಿಡಲು ಇದು ಬೇಕು ಅನ್ನುತ್ತಾರೆ ಪರವಾದವರು. ಮಧ್ಯೆ ಇರುವುದು ಸಿಂಗಳೀಕದ ಅಭಯಾರಣ್ಯ. ಸಿಂಗಳೀಕವನ್ನು ಯಾವ ಪರದೆಯ ಹಿಂದೆಯೂ ಕೂರಿಸಲು ರಾಲ್ಸ್‌ಗೆ ಆಗುವುದಿಲ್ಲ, ಅವನ ಒಪ್ಪಂದ ಮನುಷ್ಯರದ್ದು. ಪ್ರಾಣಿಗಳ ವಿಷಯದಲ್ಲಿ ಅವು ಯೋಚಿಸುತ್ತವಾ, ಮಾತಾಡುತ್ತವಾ ಅನ್ನುವುದು ಪ್ರಶ್ನೆಯೇ ಅಲ್ಲ, ಅವಕ್ಕೆ ನೋವಾಗುತ್ತದಾ ಅನ್ನುವುದೇ ಪ್ರಶ್ನೆ ಅಂತ 1789ರಲ್ಲೇ ಬರೆದವನು ಬೆಂಥಮ್. ಹಾಗಾಗಿ ಈ ಸಲ ಕಾಡಿನ ಪರ ವಾದಿಸುವವರು ಮೊತ್ತದವರ ಕೊಳಗವನ್ನೇ ಕೈಗೆತ್ತಿಕೊಳ್ಳಬೇಕಾಗಬಹುದು.

ಮನುಷ್ಯರ ಮಟ್ಟಿಗೆ ನನ್ನನ್ನು ಕೇಳಿದರೆ, ಹೊಸ ಯೋಜನೆಯ ಕಡತದ ಮೊದಲ ಪುಟದಲ್ಲಿ ಹಳೆಯ ಬಾಕಿ ಇರಬೇಕು. 1964ರ ನಂತರ ಎಲ್ಲೆಲ್ಲಿ ಎಷ್ಟು ಮನೆಗಳನ್ನು ಕೂರಿಸಿದರು, ಎಷ್ಟು ಮನೆಗಳಿಗೆ ಹಕ್ಕುಪತ್ರ ಕೈಗೆ ಬಂತು, ಎಷ್ಟಕ್ಕೆ ಬಂದಿಲ್ಲ, ಯಾವ ತಾರೀಕಿನೊಳಗೆ ಕೊಡುತ್ತಾರೆ. ಎರಡನೆಯ ಪುಟದಿಂದ ಮೆಗಾವಾಟಿನ ಲೆಕ್ಕ ಶುರು ಮಾಡಲಿ.